ಹನ್ನೊಂದು ಹಲ್ಲು ಎಳೆದರೂ ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ, ದೇವರಾಯನದುರ್ಗದಲ್ಲಿ ಗಾಡಿ ಹಿಂದಕ್ಕೆ ಜಾರಿತು

ಕ್ಯಾತ್ಸಂದ್ರ_ಆಲ್ಟೊ · ಸೋಮವಾರ ರಾತ್ರಿ

ನಮಸ್ಕಾರ. ತುಮಕೂರಿನವನು. 2013ರ ಆಲ್ಟೊ 800, 78 ಸಾವಿರ ಕಿ.ಮೀ. ಓಡಿದೆ. ಹೋದ ಶನಿವಾರ ಅಮ್ಮ, ಅತ್ತಿಗೆ, ಅವರ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಕೆಳಗೆ ಭೋಗನರಸಿಂಹನ ದರ್ಶನ ಮುಗಿಸಿ, ಮೇಲೆ ಯೋಗನರಸಿಂಹನ ಗುಡಿ ಕಡೆ ಗಾಡಿ ಹತ್ತಿಸಿದೆ. ಜಾಗ ಸಿಕ್ಕಿದ್ದು ಏರಿನಲ್ಲೇ. ಹ್ಯಾಂಡ್‌ಬ್ರೇಕ್ ಎಳೆದೆ. ಒಂದು ‘ಟಕ್’ ಅಂದರೆ ಒಂದು ಹಲ್ಲು, ಹಾಗೆ ಟಕಟಕ ಅಂತ ಹನ್ನೊಂದು ಹಲ್ಲು ಬಂತು, ಲಿವರ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ನ್ಯೂಟ್ರಲ್‌ನಲ್ಲೇ ಬಿಟ್ಟು ಎಲ್ಲರನ್ನೂ ಇಳಿಸಿದೆ. ಡಿಕ್ಕಿಯಿಂದ ಹಣ್ಣುಕಾಯಿ ಬುಟ್ಟಿ ತೆಗೆಯೋಣ ಅಂತ ಹಿಂದಕ್ಕೆ ಹೋದರೆ ಬಂಪರ್ ಮೊಣಕಾಲಿಗೆ ತಾಗಿತು. ನಾನೇ ಹೋಗಿ ತಾಗಿಸಿಕೊಂಡೆ ಅಂದುಕೊಂಡೆ. ಅಲ್ಲ, ಗಾಡಿಯೇ ನನ್ನ ಕಡೆ ಬರ್ತಿತ್ತು.

ಜೋರಾಗೇನೂ ಅಲ್ಲ, ಎಮ್ಮೆ ಹಿಂದಕ್ಕೆ ಹೆಜ್ಜೆ ಇಟ್ಟ ಹಾಗೆ. ಪಕ್ಕದಲ್ಲಿ ಸೌತೆಕಾಯಿ ಮಾರ್ತಿದ್ದ ಅಜ್ಜಿ ಕೂತಲ್ಲಿಂದಲೇ ಒಂದು ಕಲ್ಲನ್ನು ಕಾಲಲ್ಲಿ ತಳ್ಳಿ ಗಾಲಿಗೆ ಕೊಟ್ಟರು. ನಿಂತಿತು. ಜಾರಿದ್ದು ಒಂದೂವರೆ ಅಡಿ ಅಷ್ಟೇ. ಆ ಗಡಿಬಿಡಿಯಲ್ಲಿ ಕೋತಿ ಬುಟ್ಟಿ ಹೊತ್ತುಕೊಂಡು ಹೋಯಿತು, ಅದು ಬೇರೆ ಕಥೆ.

ಸಿಟ್ಟು ಯಾಕೆ ಅಂದರೆ, ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಹ್ಯಾಂಡ್‌ಬ್ರೇಕ್ ಟೈಟ್ ಮಾಡಿಸಿದ್ದೆ. ಐದು ನಿಮಿಷದ ಕೆಲಸ, 200 ರೂಪಾಯಿ. ಆಗ ಐದನೇ ಹಲ್ಲಿಗೇ ನಿಲ್ತಿತ್ತು. ಈಗ ಮತ್ತೆ ಹನ್ನೊಂದು. ಲಿವರ್ ಹತ್ತಿರದ ನಟ್ ತಿರುಗಿಸೋದು ಅಷ್ಟೇ ಅಲ್ವಾ? ನಾನೇ ಮಾಡಿಕೊಳ್ಳಬಹುದಾ?

ಲಾರಿ_ಮಗ · ಸೋಮವಾರ ರಾತ್ರಿ

ಏರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿದಿರಾ? ಅಜ್ಜಿಗೆ ಒಂದು ಸೀರೆ ಕೊಡಿಸಿ ಮೊದಲು.

ಕ್ಯಾತ್ಸಂದ್ರ_ಆಲ್ಟೊ · ಸೋಮವಾರ ರಾತ್ರಿ

ಒಪ್ಪಿದೆ. ಹತ್ತು ವರ್ಷದಿಂದ ಹಾಗೇ ಬಿಡ್ತಿದ್ದೆ, ಏನೂ ಆಗಿರಲಿಲ್ಲ.

ಗ್ರೀಸ್_ಕೈ · ಮಂಗಳವಾರ ಬೆಳಿಗ್ಗೆ

ಮಧುಗಿರಿಯವನು. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿದ್ದೆ, ಈಗ ಅಡಿಕೆ ತೋಟ ನೋಡಿಕೊಳ್ತೀನಿ. ದಯವಿಟ್ಟು ಆ ನಟ್ ಇನ್ನೊಂದು ಸುತ್ತು ತಿರುಗಿಸಬೇಡಿ. ನಿಮ್ಮ ತೊಂದರೆ ಶುರುವಾಗಿರೋದೇ ಅಲ್ಲಿಂದ ಅನಿಸುತ್ತೆ.

ನಿಮ್ಮ ಗಾಡಿಯಲ್ಲಿ ಹಿಂದಿನ ಎರಡೂ ಗಾಲಿಗೆ ಡ್ರಮ್ ಬ್ರೇಕ್. ಡ್ರಮ್ ಒಳಗೆ ಅರ್ಧಚಂದ್ರದ ಹಾಗೆ ಎರಡು ಶೂ. ಕಾಲಲ್ಲಿ ಬ್ರೇಕ್ ಒತ್ತಿದರೆ ಎಣ್ಣೆಯ ಒತ್ತಡ ಆ ಶೂಗಳನ್ನು ಅಗಲಿಸುತ್ತೆ. ಕೈ ಬ್ರೇಕ್ ಎಳೆದರೆ ಅದೇ ಶೂಗಳನ್ನು ಒಂದು ಕೇಬಲ್ ಎಳೆದು ಅಗಲಿಸುತ್ತೆ. ಎಣ್ಣೆಗೂ ಅದಕ್ಕೂ ಸಂಬಂಧ ಇಲ್ಲ. ಶೂ ಸವೆದ ಹಾಗೆ ಡ್ರಮ್‌ಗೂ ಶೂಗೂ ನಡುವೆ ಸಂದು ಜಾಸ್ತಿ ಆಗುತ್ತೆ. ಅದನ್ನು ತುಂಬೋಕೆ ಒಳಗೇ ಒಂದು ಅಡ್ಜಸ್ಟರ್ ಇದೆ. ಕೆಲವು ಗಾಡಿಯಲ್ಲಿ ಹಲ್ಲಿನ ಚಕ್ರ, ಕೆಲವದರಲ್ಲಿ ಹಲ್ಲಿನ ಪಟ್ಟಿ. ಬ್ರೇಕ್ ಒತ್ತುತ್ತಾ ಇದ್ದ ಹಾಗೆ ಅದು ಒಂದೊಂದೇ ಹಲ್ಲು ಮುಂದೆ ಹೋಗಿ ಶೂಗಳನ್ನು ಡ್ರಮ್ ಹತ್ತಿರ ಇಡುತ್ತೆ.

ಈ ಅಡ್ಜಸ್ಟರ್ ಧೂಳು, ತುಕ್ಕು ತಿಂದು ಕೂತುಬಿಟ್ಟರೆ ಸಂದು ಹಾಗೇ ಉಳಿಯುತ್ತೆ, ಲಿವರ್ ಮೇಲಕ್ಕೆ ಬರುತ್ತೆ. ಆಗ ಡ್ರಮ್ ಬಿಚ್ಚದೆ ಬರೀ ಕೇಬಲ್ ಎಳೆದು ಕಟ್ಟಿದರೆ ಏನಾಗುತ್ತೆ? ಲಿವರ್ ಐದು ಹಲ್ಲಿಗೆ ನಿಲ್ಲುತ್ತೆ, ಗಿರಾಕಿ ಖುಷಿ. ಆದರೆ ಡ್ರಮ್ ಒಳಗೆ ಕೇಬಲ್ ಎಳೆಯೋ ಸಣ್ಣ ಲಿವರ್ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಬರಲ್ಲ, ಅರ್ಧ ಎಳೆದೇ ಇರುತ್ತೆ. ಅಡ್ಜಸ್ಟರ್ ಕೆಲಸ ಮಾಡೋಕೆ ಅದು ಪೂರ್ತಿ ಹಿಂದಕ್ಕೆ ಬರಲೇಬೇಕು. ಬರದಿದ್ದರೆ ಸ್ವಲ್ಪ ಪ್ರಾಣ ಇದ್ದ ಅಡ್ಜಸ್ಟರ್ ಕೂಡ ಸತ್ತಿತು. ಮೇಲಿಂದ ಶೂ ಸದಾ ಉಜ್ಜುತ್ತಾ ಬೇಗ ಸವೆಯುತ್ತೆ. ಒಂದು ತಿಂಗಳಲ್ಲಿ ಮತ್ತೆ ಹನ್ನೊಂದು ಹಲ್ಲು. ಚಡ್ಡಿ ಸಡಿಲ ಆಯಿತು ಅಂತ ಉಡಿದಾರ ಬಿಗಿದರೆ ಹೊಟ್ಟೆ ನೋವು ಬರುತ್ತೆ ಅಷ್ಟೇ.

ಮೂರು ವಿಷಯ ನೋಡಿ ಹೇಳಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದ ಮೇಲೆ ಹಿಂದಿನ ಎರಡೂ ಗಾಲಿಗಳ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ, ಯಾವುದು ಜಾಸ್ತಿ ಬಿಸಿ? ಬಾನೆಟ್ ಒಳಗಿನ ಬ್ರೇಕ್ ಎಣ್ಣೆ ಡಬ್ಬಿಯಲ್ಲಿ ಮಟ್ಟ ಎಲ್ಲಿದೆ? ಹಿಂದಿನ ಗಾಲಿಗಳ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಏನಾದರೂ ಇದೆಯಾ?

ಅಂತರಗಂಗೆ_ಕೋಲಾರ · ಮಂಗಳವಾರ

ನಾನು ಹ್ಯಾಂಡ್‌ಬ್ರೇಕ್ ನಂಬೋದೇ ಬಿಟ್ಟಿದ್ದೀನಿ. ಒಂದು ಮಳೆಗಾಲ ಅದನ್ನು ಎಳೆದಿಟ್ಟು ಊರಿಗೆ ಹೋಗಿದ್ದೆ. ಹದಿನೈದು ದಿನ ಬಿಟ್ಟು ಬಂದರೆ ಹಿಂದಿನ ಗಾಲಿ ಅಂಟಿಕೊಂಡಿತ್ತು, ಗಾಡಿ ಅಲುಗಾಡಲಿಲ್ಲ. ಆಮೇಲೆ ಗೇರ್‌ನಲ್ಲಿ ಬಿಡ್ತೀನಿ, ಅಷ್ಟೇ. ಎಂಜಿನ್ ಹಿಡಿದುಕೊಳ್ಳುತ್ತೆ. ಅಂತರಗಂಗೆ ಬೆಟ್ಟದ ಬುಡದಲ್ಲೂ ಹಾಗೇ ನಿಲ್ಲಿಸೋದು.

ಗ್ರೀಸ್_ಕೈ · ಮಂಗಳವಾರ

ಅಂಟಿಕೊಂಡಿದ್ದು ನಿಜ ಇರುತ್ತೆ. ಒದ್ದೆ ಡ್ರಮ್‌ಗೆ ತುಕ್ಕು ಹಿಡಿದು ಶೂ ಕಚ್ಚಿಕೊಳ್ಳುತ್ತೆ. ಹದಿನೈದು ದಿನ ಮನೆಯ ಶೆಡ್‌ನಲ್ಲಿ, ಸಮತಟ್ಟು ನೆಲದಲ್ಲಿ ಬಿಡೋದಾದರೆ ಗೇರ್ ಹಾಕಿ ಗಾಲಿಗೆ ಎರಡೂ ಕಡೆ ಅಡ್ಡ ಕೊಡಿ, ಸಾಕು. ನಾನೂ ಹಾಗೇ ಮಾಡೋದು. ಅದನ್ನೇ ಇಳಿಜಾರಿಗೂ ತರಬೇಡಿ. ಗೇರ್ ಹಿಡಿಯೋದು ಎಂಜಿನ್ ಒಳಗಿನ ಗಾಳಿಯ ಒತ್ತಡದ ಮೇಲೆ. ಹಳೇ ಎಂಜಿನ್‌ನಲ್ಲಿ ಆ ಗಾಳಿ ನಿಧಾನವಾಗಿ ಸೋರುತ್ತೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಎಂಜಿನ್ ಆಗಾಗ ಒಂದೊಂದು ಸಲ ತಿರುಗುತ್ತೆ, ಗಾಡಿ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ. ನಮ್ಮ ಸಣ್ಣ ಕಾರುಗಳಲ್ಲಿ ಗೇರ್ ಹಿಡಿಯೋದು ಮುಂದಿನ ಗಾಲಿಗಳನ್ನು, ಕೈ ಬ್ರೇಕ್ ಹಿಡಿಯೋದು ಹಿಂದಿನದನ್ನು. ಎರಡೂ ಇದ್ದರೆ ನಾಲ್ಕು ಗಾಲಿ. ಇದ್ದ ನಾಲ್ಕರಲ್ಲಿ ಎರಡನ್ನು ಯಾಕೆ ಬಿಟ್ಟುಕೊಡ್ತೀರಿ?

ಲಾರಿ_ಮಗ · ಮಂಗಳವಾರ ಸಂಜೆ

ಭಾರದ ಲೆಕ್ಕ ಯಾರೂ ಹೇಳ್ತಿಲ್ಲ. ಅಪ್ಪ ಲಾರಿ ಓಡಿಸ್ತಿದ್ದರು, ಈ ಲೆಕ್ಕ ಅವರದು. ಹತ್ತು ಅಡಿ ಹೋದರೆ ಒಂದು ಅಡಿ ಏರೋ ರಸ್ತೆ ಅಂದರೆ, ಗಾಡಿಯ ತೂಕದ ಹತ್ತನೇ ಒಂದು ಭಾಗ ಅದನ್ನು ಕೆಳಕ್ಕೆ ಎಳೀತಾ ಇರುತ್ತೆ. ಖಾಲಿ ಆಲ್ಟೊ 700 ಕೆ.ಜಿ. ಚಿಲ್ಲರೆ, ಅಂದರೆ 70 ಕೆ.ಜಿ. ಎಳೆತ. ಐದು ಜನ, ಸಾಮಾನು ಸೇರಿದರೆ 1000 ದಾಟುತ್ತೆ, ಎಳೆತ 100. ಮನೆ ಮುಂದಿನ ಇಳಿಜಾರಲ್ಲಿ ಖಾಲಿ ಗಾಡಿ ನಿಂತಿತು ಅಂತ ನಂಬಿ ಜನ ತುಂಬಿಕೊಂಡು ಬೆಟ್ಟಕ್ಕೆ ಹೋಗಬೇಡಿ. ನಿಮ್ಮದಂತೂ ಎಲ್ಲರೂ ಇಳಿದ ಮೇಲೂ ಜಾರಿದೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ತುಂಬಿದ ಗಾಡಿಗಳನ್ನು ನೋಡಿ. ಖಾಲಿ ಬಂದಾಗ ಸುಮ್ನೆ ನಿಲ್ಲಿಸ್ತಾರೆ, ಬಾಕ್ಸ್ ತುಂಬಿದ ಮೇಲೆ ಹುಡುಗ ಇಳಿದು ಗಾಲಿಗೆ ಮರದ ತುಂಡು ಕೊಡದೆ ಡ್ರೈವರ್ ಕೆಳಗೆ ಇಳಿಯಲ್ಲ.

ನಂದಿ_ರೋಡ್ · ಮಂಗಳವಾರ ರಾತ್ರಿ

ಚಿಕ್ಕಬಳ್ಳಾಪುರದವಳು. ನನ್ನದು ಸೆಲೆರಿಯೊ, ಮಾರುತಿಯವರ ಎಜಿಎಸ್ ಗೇರ್, ಅಂದರೆ ಗೇರ್ ತಾನೇ ಬದಲಾಗೋದು. ಕ್ಲಚ್ ಪೆಡಲ್ ಇಲ್ಲ, ಆದರೆ ಬೇರೆ ಆಟೊಮ್ಯಾಟಿಕ್ ಗಾಡಿಯ ಹಾಗೆ ಲಿವರ್‌ನಲ್ಲಿ ‘ಪಿ’ (ಪಾರ್ಕಿಂಗ್) ಅಂತಲೂ ಇಲ್ಲ. ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಕೈಯಲ್ಲೇ ಗೇರ್ ಬದಲಿಸೋಕೆ ಎಂ, ಅಷ್ಟೇ. ಮೊದಲ ಸಲ ನಂದಿ ಬೆಟ್ಟಕ್ಕೆ ಹೋದಾಗ ಎನ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಇಳಿದಿದ್ದೆ, ಗಾಡಿ ಒಂದು ಸಲ ಜಗ್ಗಿತು. ಜೀವ ಬಾಯಿಗೆ ಬಂತು. ನಮ್ಮಂಥವರು ಏನು ಮಾಡಬೇಕು?

ಗ್ರೀಸ್_ಕೈ · ಬುಧವಾರ

ನಿಮ್ಮದು ಒಳಗೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋ ಕೆಲಸ ಮಾತ್ರ ಯಂತ್ರದ್ದು. ಹಾಗಾಗಿ ಮಾಮೂಲಿ ಗಾಡಿಯ ಹಾಗೆ ಗೇರ್‌ನಲ್ಲೇ ಬಿಡಬೇಕು. ಮುಖ ಏರಿನ ಕಡೆ ಇದ್ದರೆ ಡಿ, ಇಳಿಜಾರಿನ ಕಡೆ ಇದ್ದರೆ ಆರ್. ಕಾಲು ಬ್ರೇಕ್ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್‌ನಲ್ಲಿರುವಾಗಲೇ ಎಂಜಿನ್ ಆಫ್ ಮಾಡಿ. ಆಮೇಲೆ ಕಾಲು ನಿಧಾನ ಎತ್ತಿ. ಗಾಡಿ ಕದಲಿದರೆ ನೀವಿನ್ನೂ ಸೀಟಲ್ಲೇ ಇರ್ತೀರಿ.

ಪಿ ಇರೋ ಗಾಡಿಯವರು ಇನ್ನೊಂದು ತಪ್ಪು ಮಾಡ್ತಾರೆ. ನೇರ ಪಿಗೆ ಹಾಕಿ ಕಾಲು ಎತ್ತಿಬಿಡ್ತಾರೆ. ಗಾಡಿಯ ಪೂರ್ತಿ ಭಾರ ಗೇರ್‌ಬಾಕ್ಸ್ ಒಳಗಿನ ಬೆರಳಿನಷ್ಟು ಕಬ್ಬಿಣದ ಕೊಕ್ಕೆ ಮೇಲೆ ಕೂರುತ್ತೆ. ಹೊರಡುವಾಗ ಲಿವರ್ ಎಳೆದರೆ ‘ಢಣ್’ ಅಂತ ಸದ್ದು ಬರೋದು ಅದಕ್ಕೇ. ಮೊದಲು ಎನ್, ಹ್ಯಾಂಡ್‌ಬ್ರೇಕ್, ಕಾಲು ಎತ್ತಿ ಗಾಡಿ ಬ್ರೇಕ್ ಮೇಲೆ ಕೂರಲಿ. ಮತ್ತೆ ಕಾಲಿಟ್ಟು ಪಿ.

ನಂದಿ_ರೋಡ್ · ಬುಧವಾರ

ತುಂಬಾ ಉಪಕಾರ. ಇನ್ನೊಂದು ವಿಷಯ ನಾನು ಹೇಳ್ತೀನಿ. ನಂದಿ 1,478 ಮೀಟರ್ ಎತ್ತರ. ಭಾನುವಾರ ಸೂರ್ಯೋದಯ ನೋಡೋಕೆ ಕತ್ತಲಲ್ಲೇ ಕಾರಿನ ಸಾಲು. ಆ ಏರಿನಲ್ಲಿ ಎರಡು ಮೀಟರ್ ಹೋಗೋದು, ನಿಲ್ಲೋದು. ಮುಂದಿನವನಿಗೆ ಅಂಟಿಕೊಂಡು ನಿಲ್ಲಿಸಬೇಡಿ, ಅವನ ಹಿಂದಿನ ಟಯರ್ ನೆಲ ಮುಟ್ಟೋದು ಕಾಣುವಷ್ಟು ಜಾಗ ಬಿಡಿ. ಅವನ ಹ್ಯಾಂಡ್‌ಬ್ರೇಕ್ ಹೇಗಿದೆಯೋ ನಿಮಗೆ ಗೊತ್ತಿಲ್ಲ. ಕ್ಲಚ್ ಅರ್ಧ ಒತ್ತಿ ಗಾಡಿ ಹಿಡಿದುಕೊಂಡು ನಿಲ್ಲೋರ ಗಾಡಿಯಿಂದ ಬರೋ ಸುಟ್ಟ ವಾಸನೆ ಇದೆಯಲ್ಲ, ಮಂಜಿಗಿಂತ ಮೊದಲು ಅದೇ ಸಿಗೋದು.

ಸುಮ್ನೆ_ಓದೋನು · ಬುಧವಾರ

ಸ್ಟೀರಿಂಗ್ ಯಾವ ಕಡೆ ತಿರುಗಿಸಿ ನಿಲ್ಲಿಸಬೇಕು ಅನ್ನೋದು ಪ್ರತಿ ಸಲ ಮರೆತು ಹೋಗುತ್ತೆ. ಯಾರಾದರೂ ಮರೆಯದ ಹಾಗೆ ಹೇಳ್ತೀರಾ?

ಲಾರಿ_ಮಗ · ಬುಧವಾರ

ಬಾಯಿಪಾಠ ಬೇಡ. ‘ಈಗ ಬ್ರೇಕ್ ಬಿಟ್ಟುಹೋದರೆ ಗಾಡಿ ಎಲ್ಲಿಗೆ ಹೋಗುತ್ತೆ’ ಅಂತ ಕೇಳಿಕೊಳ್ಳಿ. ಅದು ರಸ್ತೆಗೆ ಬರಬಾರದು, ಅಂಚಿಗೆ ಹೋಗಿ ಒರಗಬೇಕು. ನಾವು ನಿಲ್ಲಿಸೋದು ಎಡಕ್ಕೆ. ಮುಖ ಇಳಿಜಾರಿಗೆ ಇದ್ದರೆ ಚಕ್ರ ಎಡಕ್ಕೆ, ಫುಟ್‌ಪಾತ್ ಕಡೆಗೆ. ಮುಖ ಏರಿಗೆ ಇದ್ದು ಪಕ್ಕದಲ್ಲಿ ಎತ್ತರದ ಫುಟ್‌ಪಾತ್ ಕಲ್ಲು ಇದ್ದರೆ ಚಕ್ರ ಬಲಕ್ಕೆ. ಹಿಂದಕ್ಕೆ ಉರುಳಿದಾಗ ಮುಂದಿನ ಟಯರಿನ ಹಿಂಭಾಗ ಕಲ್ಲಿಗೆ ತಾಗಿ ನಿಲ್ಲುತ್ತೆ. ಏರು ಇದ್ದು ಕಲ್ಲು ಇಲ್ಲದಿದ್ದರೆ ಚಕ್ರ ಎಡಕ್ಕೇ, ಉರುಳಿದರೂ ಹಿಂಭಾಗ ರಸ್ತೆ ಬಿಟ್ಟು ಪಕ್ಕಕ್ಕೆ ಹೋಗುತ್ತೆ. ಎಡಗಡೆ ಪ್ರಪಾತ ಇದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅಲ್ಲಿ ನಿಲ್ಲಿಸಲೇಬೇಡಿ. ಸೆಲ್ಫಿಗೂ ಬೇಡ.

ಇನ್ನು ಕಲ್ಲು. ಕೊಟ್ಟ ಕಲ್ಲನ್ನು ಹೊರಡುವಾಗ ತೆಗೆದು ಪಕ್ಕಕ್ಕೆ ಹಾಕಿ, ಕೈ ಮುಗೀತೀನಿ. ಘಾಟಿಯಲ್ಲಿ ರಸ್ತೆ ಮಧ್ಯೆ ಬಿದ್ದಿರೋ ಕಲ್ಲು ನೋಡಿದಾಗೆಲ್ಲ, ರಾತ್ರಿ ಬೈಕಲ್ಲಿ ಬರೋನ ನೆನಪಾಗುತ್ತೆ. ಅಪ್ಪನ ಲಾರಿಯಲ್ಲಿ ಎರಡು ಮರದ ತುಂಡು ಇರ್ತಿದ್ದವು, ಒಂದೇ ಹಗ್ಗಕ್ಕೆ ಕಟ್ಟಿದ್ದು. ಹಗ್ಗದ ತುದಿ ಬಾಡಿಗೆ ಕಟ್ಟಿರ್ತಿತ್ತು. ಮರೆತು ಹೊರಟರೂ ಲೊಟಲೊಟ ಅಂತ ಹಿಂದೇ ಬರ್ತಿದ್ದವು.

ಅಂತರಗಂಗೆ_ಕೋಲಾರ · ಬುಧವಾರ ರಾತ್ರಿ

ಹಗ್ಗ ಕಟ್ಟೋ ಉಪಾಯ ಚೆನ್ನಾಗಿದೆ. ಆದರೂ ಕಾರಿನಲ್ಲಿ ಇಷ್ಟೆಲ್ಲ ಯಾರು ಮಾಡ್ತಾರೆ? ಹ್ಯಾಂಡ್‌ಬ್ರೇಕ್ ಹಾಕಲೇಬೇಕು ಅಂತ ಕಾನೂನು ಏನಾದರೂ ಇದೆಯಾ?

ಸುಮ್ನೆ_ಓದೋನು · ಬುಧವಾರ ರಾತ್ರಿ

ಇದೆ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 126. ಲೈಸೆನ್ಸ್ ಇರೋನು ಡ್ರೈವರ್ ಸೀಟಲ್ಲಿ ಇಲ್ಲದಿದ್ದರೆ, ಸಾರ್ವಜನಿಕ ಜಾಗದಲ್ಲಿ ಗಾಡಿ ಬಿಡುವಾಗ ಎಂಜಿನ್ ನಿಂತಿರಬೇಕು, ಬ್ರೇಕ್ ಹಾಕಿರಬೇಕು, ಇಲ್ಲವೇ ಅದು ತಾನಾಗಿ ಕದಲದ ಹಾಗೆ ಬೇರೆ ವ್ಯವಸ್ಥೆ ಮಾಡಿರಬೇಕು. ಕಲ್ಲು ಕೊಡೋದೂ ಒಂದು ಲೆಕ್ಕದಲ್ಲಿ ಕಾನೂನೇ.

ಕ್ಯಾತ್ಸಂದ್ರ_ಆಲ್ಟೊ · ಗುರುವಾರ

ಗ್ರೀಸ್ ಕೈ ಅಣ್ಣ, ನೋಡಿದೆ. ಬಲಗಡೆ ಹಿಂದಿನ ಗಾಲಿಯ ಹತ್ತಿರ ಕೈ ಒಡ್ಡೋಕೂ ಆಗಲಿಲ್ಲ, ಅಷ್ಟು ಬಿಸಿ. ಎಡಗಡೆಯದು ತಣ್ಣಗಿದೆ. ಬ್ರೇಕ್ ಎಣ್ಣೆ ಕೆಳಗಿನ ಗೆರೆಯ ಹತ್ತಿರ ಇದೆ. ಎಡಗಡೆ ಗಾಲಿಯ ಒಳಬದಿಯಲ್ಲಿ ಟಯರ್ ಮೇಲೆ ಒದ್ದೆ ಗೆರೆ ಇದೆ, ಮಳೆ ನೀರು ಅಂದುಕೊಂಡಿದ್ದೆ. ಈಗ ನೆನಪಾಗ್ತಿದೆ, ಹೋದ ವಾರ ಬೆಂಗಳೂರಿಂದ ಬರುವಾಗ ಟೋಲ್ ಹತ್ತಿರ ಸುಟ್ಟ ವಾಸನೆ ಬಂದಿತ್ತು. ಮುಂದಿನ ಲಾರಿಯದು ಅಂತ ಕಿಟಕಿ ಏರಿಸಿದ್ದೆ.

ಗ್ರೀಸ್_ಕೈ · ಗುರುವಾರ

ಎಲ್ಲ ಸಿಕ್ಕಿತು. ಬಲಗಡೆ ಶೂ ಉಜ್ಜುತ್ತಿದೆ. ಎಡಗಡೆ, ಎಣ್ಣೆಯ ಒತ್ತಡದಿಂದ ಶೂ ತಳ್ಳೋ ವೀಲ್ ಸಿಲಿಂಡರಿನ ರಬ್ಬರ್ ಹೋಗಿ ಎಣ್ಣೆ ಸೋರಿ ಶೂ ನೆನೆದಿದೆ. ಎಣ್ಣೆ ಕುಡಿದ ಶೂ ಎಷ್ಟು ಒತ್ತಿದರೂ ಜಾರುತ್ತೆ. ಅಂದರೆ ದುರ್ಗದಲ್ಲಿ ನಿಮ್ಮ ಗಾಡಿ ನಿಂತಿದ್ದು ಒಂದೇ ಗಾಲಿಯ ಮೇಲೆ, ಅದೂ ಸವೆದ ಶೂ.

ಇದು ಈಗ ಹ್ಯಾಂಡ್‌ಬ್ರೇಕಿನ ವಿಷಯ ಅಲ್ಲ, ಕಾಲು ಬ್ರೇಕಿನದು. ಬೆಟ್ಟಕ್ಕೆ ಹೋಗಬೇಡಿ, ನಿಧಾನಕ್ಕೆ ಗ್ಯಾರೇಜಿಗೆ ಹೋಗಿ, ಎದುರು ನಿಂತು ಡ್ರಮ್ ಬಿಚ್ಚಿಸಿ. ನೀವೇ ಬಿಚ್ಚಬೇಡಿ ಅನ್ನೋಕೆ ಕಾರಣ ಇದೆ. ಮಾರುತಿ ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಗಾಲಿಯ ಬೇರಿಂಗ್ ಆ ಡ್ರಮ್ ಒಳಗೇ ಇರುತ್ತೆ. ನಡುವಿನ ದೊಡ್ಡ ನಟ್ ಬಿಚ್ಚಿದರೆ ವಾಪಸ್ ಹಾಕುವಾಗ ಹೊಸದು ಹಾಕಿ, ಬಿಗಿತ ಅಳೆಯೋ ಟಾರ್ಕ್ ವ್ರೆಂಚ್‌ನಲ್ಲಿ ಹೇಳಿದಷ್ಟೇ ಬಿಗಿದು, ಅಂಚು ಬಡಿದು ಕೂರಿಸಬೇಕು. ಅಂದಾಜಿಗೆ ಬಿಗಿಯೋ ನಟ್ ಅಲ್ಲ ಅದು.

ನಿಂತು ನೋಡಬೇಕಾದ್ದು ಇಷ್ಟು. ಮೊದಲು ಕೇಬಲ್ ನಟ್ ಸಡಿಲ ಮಾಡಿಯೇ ಡ್ರಮ್ ತೆಗೀಬೇಕು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸೋಕೆ ಬಿಡಬೇಡಿ, ಅದು ಶ್ವಾಸಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲ್‌ನಲ್ಲಿ ತೊಳೆದು ಹಾಕ್ತೀನಿ ಅಂದರೆ ಒಪ್ಪಬೇಡಿ. ಶೂ ಎರಡೂ ಗಾಲಿಗೆ ಒಟ್ಟಿಗೇ ಬದಲಾಗಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆ ಎಳೆಯುತ್ತೆ. ಅಡ್ಜಸ್ಟರ್ ಬಿಚ್ಚಿ, ತುಕ್ಕು ಉಜ್ಜಿ, ಕೈಯಲ್ಲಿ ಸಲೀಸಾಗಿ ಓಡುತ್ತಾ ಅಂತ ನೋಡಿ. ಎರಡೂ ಕೇಬಲ್ ಕಳಚಿ ಎಳೆದು ನೋಡಲಿ, ಕವಚದ ಒಳಗೆ ಗರಗರ ಅಂದರೆ ಅಥವಾ ಒಂದು ಎಳೆ ಕಿತ್ತಿದ್ದರೂ ಬದಲಾಯಿಸಿ.

ಎಲ್ಲ ಜೋಡಿಸಿ, ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸೇರಿದ ಗಾಳಿ ತೆಗೆದ ಮೇಲೆ, ಕಾಲು ಬ್ರೇಕನ್ನು ಹತ್ತಾರು ಸಲ ಚೆನ್ನಾಗಿ ಒತ್ತಬೇಕು. ಆಗ ಅಡ್ಜಸ್ಟರ್ ತನ್ನ ಜಾಗ ಹುಡುಕಿಕೊಳ್ಳುತ್ತೆ. ಕೇಬಲ್ ನಟ್ ಮುಟ್ಟೋದು ಅದಾದ ಮೇಲೇ, ಕೊನೆಗೆ. ಗಾಡಿಯ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು, ಮುಂದಿನ ಗಾಲಿಗೆ ಅಡ್ಡ ಕೊಟ್ಟು, ಲಿವರನ್ನು ಒಂದೊಂದೇ ಹಲ್ಲು ಎಳೆಯುತ್ತಾ ಇಬ್ಬರು ಎರಡು ಗಾಲಿ ತಿರುಗಿಸಿ ನೋಡಿ. ಎರಡೂ ಒಂದೇ ಹಲ್ಲಿಗೆ ಹಿಡಿಯೋಕೆ ಶುರು ಮಾಡಬೇಕು. ಸಾಮಾನ್ಯವಾಗಿ ಐದರಿಂದ ಎಂಟು ಹಲ್ಲಿಗೆ ಗಟ್ಟಿ ನಿಂತರೆ ಸರಿ, ನಿಮ್ಮ ಗಾಡಿ ಪುಸ್ತಕದಲ್ಲಿ ಬರೆದಿರೋದೇ ಕೊನೆ ಮಾತು. ಪೂರ್ತಿ ಕೆಳಕ್ಕೆ ಬಿಟ್ಟಾಗ ಎರಡೂ ಗಾಲಿ ಸಲೀಸಾಗಿ ತಿರುಗಬೇಕು. ಅದನ್ನು ನೋಡದೆ ದುಡ್ಡು ಕೊಡಬೇಡಿ.

ನಂದಿ_ರೋಡ್ · ಶುಕ್ರವಾರ

ಹಿಂದೆ ಡ್ರಮ್ ಬದಲು ಡಿಸ್ಕ್ ಬ್ರೇಕ್ ಇರೋ ದೊಡ್ಡ ಗಾಡಿಯವರಿಗೂ ಇದೇನಾ? ನಮ್ಮ ಭಾವನ ಗಾಡಿ ನಂದಿಯಿಂದ ಇಳಿದು ಬಂದು ಟೀ ಅಂಗಡಿ ಮುಂದೆ ನಿಂತಿತ್ತು. ಹತ್ತು ನಿಮಿಷ ಬಿಟ್ಟು ತಾನಾಗಿ ಜಾರಿತ್ತು.

ಗ್ರೀಸ್_ಕೈ · ಶುಕ್ರವಾರ

ಅದು ಬಿಸಿ ಡಿಸ್ಕಿನ ಆಟ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಡಿಸ್ಕ್ ಕಾದು ಉಬ್ಬಿರುತ್ತೆ. ಆಗ ಹ್ಯಾಂಡ್‌ಬ್ರೇಕ್ ಎಳೆದರೆ ಉಬ್ಬಿದ ಡಿಸ್ಕನ್ನು ಹಿಡಿದಿರುತ್ತೆ. ಆರಿದ ಮೇಲೆ ಅದು ಸಣ್ಣಗಾಗುತ್ತೆ, ಹಿಡಿತ ಸಡಿಲ. ಹಾಗಾಗಿ ಇಳಿದು ಬಂದ ತಕ್ಷಣ ನಿಲ್ಲಿಸೋದಾದರೆ ಇನ್ನೆರಡು ಹಲ್ಲು ಜಾಸ್ತಿ ಎಳೆದು, ಗೇರ್ ಹಾಕಿ, ಐದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಎಳೆಯಿರಿ. ಅದಕ್ಕೂ ಮೊದಲು, ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯೋಕೆ ಭಾವನಿಗೆ ಹೇಳಿ.

ಕ್ಯಾತ್ಸಂದ್ರ_ಆಲ್ಟೊ · ಭಾನುವಾರ ರಾತ್ರಿ

ಆಯಿತು. ಬೇರೆ ಗ್ಯಾರೇಜಿಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬಲಗಡೆ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಕರಿ ಪುಡಿ. ಶೂ ಮೇಲಿನ ಲೈನಿಂಗ್ ಅಪ್ಪಳದಷ್ಟು ಉಳಿದಿತ್ತು, ಮೇಲ್ಮೈ ಗಾಜಿನ ಹಾಗೆ ಹೊಳೀತಿತ್ತು. ಎಡಗಡೆಯದರಲ್ಲಿ ಲೈನಿಂಗ್ ಚೆನ್ನಾಗೇ ಇದೆ, ಆದರೆ ಎಣ್ಣೆಯಲ್ಲಿ ಅದ್ದಿದ ಬೋಂಡಾ ಥರ. ಅಡ್ಜಸ್ಟರ್ ಎರಡೂ ತುಕ್ಕು ತಿಂದು ಕಲ್ಲಾಗಿದ್ದವು, ಒಂದನ್ನು ಉಳಿಸೋಕೆ ಆಗಲಿಲ್ಲ. ಎರಡೂ ಸಿಲಿಂಡರ್, ಶೂ ಸೆಟ್, ಎಡಗಡೆ ಕೇಬಲ್, ಬ್ರೇಕ್ ಎಣ್ಣೆ ಪೂರ್ತಿ ಹೊಸದು. ಕೊನೆಗೆ ನಟ್ ತಿರುಗಿಸೋಕೆ ಹೋದ ಹುಡುಗ ‘ಅಣ್ಣಾ, ಇದನ್ನು ಯಾರೋ ಕೊನೇ ತನಕ ತಿರುಗಿಸಿಬಿಟ್ಟಿದ್ದಾರೆ’ ಅಂದ. ಏಳು ಸುತ್ತು ಹಿಂದಕ್ಕೆ ಬಿಡಬೇಕಾಯಿತು. ಈಗ ಆರನೇ ಹಲ್ಲಿಗೆ ಎರಡೂ ಗಾಲಿ ಒಟ್ಟಿಗೆ ಕಚ್ಚುತ್ತವೆ. ಬಿಟ್ಟರೆ ಗಿರ್ರನೆ ತಿರುಗುತ್ತವೆ.

ಇವತ್ತು ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಮತ್ತೆ ದುರ್ಗಕ್ಕೆ ಹೋದೆ. ಅದೇ ಏರು. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಎತ್ತಿ ಹತ್ತು ಎಣಿಸಿದೆ. ಕದಲಲಿಲ್ಲ. ಆಮೇಲೆ ಫಸ್ಟ್ ಗೇರ್, ಸ್ಟೀರಿಂಗ್ ಎಡಕ್ಕೆ. ಡಿಕ್ಕಿಯಲ್ಲಿ ಹಗ್ಗ ಕಟ್ಟಿದ ಎರಡು ಮರದ ತುಂಡು ಬೇರೆ ಇತ್ತು. ಅವನ್ನು ಗಾಲಿಗೆ ಕೊಡುವಾಗ ಅದೇ ಅಜ್ಜಿ ನೋಡ್ತಿದ್ದರು. ‘ಹೋದ ಸಲದ ಕಲ್ಲು ಇಲ್ಲೇ ಇಟ್ಟಿದ್ದೀನಿ ಕಣಪ್ಪಾ, ಬೇಕಾದರೆ ತಗೋ’ ಅಂದರು. ಎರಡು ಸೌತೆಕಾಯಿ ತಗೊಂಡೆ. ಸೀರೆ ವಿಷಯ ಅಮ್ಮನಿಗೆ ಹೇಳಿದ್ದೀನಿ.

ಲಾರಿ_ಮಗ · ಭಾನುವಾರ ರಾತ್ರಿ

ಕೋತಿ?

ಕ್ಯಾತ್ಸಂದ್ರ_ಆಲ್ಟೊ · ಭಾನುವಾರ ರಾತ್ರಿ

ಸೌತೆಕಾಯಿ ಒಂದೇ ಉಳಿಯಿತು.